ಎತ್ತು ಏಳುವುದು ಹಿಂಗಾಲಿನಿಂದ: ತುಮಕೂರಿನ ಒಂದು ವಿಎಫ್‌ಎಕ್ಸ್ ಪ್ರಕರಣ

ಒಂದು ಕನ್ನಡ ಸಿನಿಮಾಕ್ಕಾಗಿ ತುಮಕೂರಿನ ಸಣ್ಣ ಸ್ಟುಡಿಯೋ ಕಂಪ್ಯೂಟರಿನಲ್ಲಿ ಒಂದು ಜೋಡಿ ಡಿಜಿಟಲ್ ಎತ್ತುಗಳನ್ನು ಮಾಡಿತು. ಸಿನಿಮಾದವರು ಇಂಥ ಕೆಲಸವನ್ನು ವಿಎಫ್‌ಎಕ್ಸ್ ಅನ್ನುತ್ತಾರೆ. ಆ ಕೆಲಸ ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಸಿನಿಮಾ, ನಿರ್ಮಾಣ ಸಂಸ್ಥೆ, ಸ್ಟುಡಿಯೋ, ಕೆಲಸ ಮಾಡಿದವರು ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಸಿಗದ ಹಾಗೆ ಒಂದೆರಡು ಸಂಗತಿ ಬದಲಿಸಿದ್ದೇನೆ. ಕೆಲಸದ ವಿವರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಬೇರೆಯವರ ಉಪಯೋಗಕ್ಕೆ ಬರುವುದು ಅವೇ ತಾನೇ. ನಾನು ಅನಿಮೇಷನ್ ನೋಡಿಕೊಳ್ಳಲು ಈ ಕೆಲಸಕ್ಕೆ ಸೇರಿದ್ದು ಅರ್ಧ ದಾರಿಯಲ್ಲಿ. ಅಷ್ಟೊತ್ತಿಗೆ ಎತ್ತಿನ ಮಾಡೆಲ್ (ಹೊರಗಿನ ಆಕಾರ), ರಿಗ್ (ಒಳಗಿನ ಮೂಳೆ, ಹಿಡಿಕೆಗಳು), ಕೂದಲು ಎಲ್ಲ ತಯಾರಾಗಿದ್ದವು.

ಹಿನ್ನೆಲೆ

ಸ್ಟುಡಿಯೋದಲ್ಲಿ ಇದ್ದವರು ಹತ್ತು ಹನ್ನೆರಡು ಜನ. ಬೆಂಗಳೂರು, ಹೈದರಾಬಾದಿನ ದೊಡ್ಡ ಸಂಸ್ಥೆಗಳಿಂದ ಬರುವ ರೋಟೊ (ಚಿತ್ರದಲ್ಲಿ ಬೇಕಾದ ಭಾಗದ ಅಂಚು ಗುರುತಿಸಿ ಬೇರ್ಪಡಿಸುವುದು), ಪೇಂಟ್ (ಬೇಡದ್ದನ್ನು ಬಳಿದು ಮುಚ್ಚುವುದು), ವೈರ್ ಅಳಿಸುವ ಕೆಲಸ ಮಾಡಿಕೊಂಡು ಬಂದಿದ್ದರು. ಬೆಂಗಳೂರು ಇರುವುದು ಸುಮಾರು 70 ಕಿಲೋಮೀಟರ್ ದೂರದಲ್ಲಿ. ನೆಟ್ ಕೈಕೊಟ್ಟ ದಿನ ಯಾರಾದರೂ ಹಾರ್ಡ್‌ಡಿಸ್ಕ್ ಹಿಡಿದು ಬೆಳಗಿನ ರೈಲು ಹತ್ತಿಬಿಡುತ್ತಿದ್ದರು. ಬಾಡಿಗೆ ಕಡಿಮೆ, ಹುಡುಗರು ಊರಲ್ಲೇ ಉಳಿಯಬಹುದು, ಹಾಗಾಗಿ ಇಲ್ಲೇ ನೆಲೆ ನಿಂತಿದ್ದರು. ಒಂದು ಪ್ರಾಣಿಗೆ ಜೀವ ತುಂಬುವ ಕೆಲಸ ಅವರ ಕೈಗೆ ಬಂದದ್ದು ಅದೇ ಮೊದಲು.

ಕಥೆ ಹಳೇ ಕಾಲದ್ದು. ಗಂಡ ಹೆಂಡತಿ ಕೊಬ್ಬರಿ ಮೂಟೆ ತುಂಬಿದ ಗಾಡಿ ಹೊಡೆದುಕೊಂಡು ಮಧುಗಿರಿ ಕಡೆಯ ಕಲ್ಲು ದಾರಿಯಲ್ಲಿ ದಿಬ್ಬ ಹತ್ತುತ್ತಾರೆ. ಮಳೆ ಬಿದ್ದು ನೆಲ ಜಾರುತ್ತಿದೆ. ಬಲಗಡೆ ಎತ್ತು ಜಾರಿ ನೆಲಕ್ಕೆ ಬೀಳುತ್ತದೆ, ಒದ್ದಾಡುತ್ತದೆ, ಕೊನೆಗೆ ಎದ್ದು ಗಾಡಿ ಎಳೆಯುತ್ತದೆ. ನಿರ್ದೇಶಕರಿಗೆ ಇಡೀ ಸಿನಿಮಾದ ಉಸಿರು ಇದೇ ದೃಶ್ಯ.

ನಿಜವಾದ ಎತ್ತನ್ನು ಬೀಳಿಸುವ ಮಾತೇ ಇರಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ ಅಡಿಯಲ್ಲಿ 2001ರಲ್ಲಿ ಬಂದ ನಿಯಮಗಳ ಪ್ರಕಾರ ಸಿನಿಮಾದಲ್ಲಿ ಪ್ರಾಣಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಕಾಯ್ದೆ ಇರದಿದ್ದರೂ ಆ ನಿರ್ದೇಶಕರು ಒಪ್ಪುತ್ತಿರಲಿಲ್ಲ, ಹೊಲ ಉತ್ತ ಮನೆಯಿಂದ ಬಂದವರು. ಹಾಗಾಗಿ ಸುಮ್ನೆ ನಡೆಯುವ ಶಾಟ್‌ಗಳಿಗೆ ನಿಜವಾದ ಜೋಡಿ, ಜಾರುವುದರಿಂದ ಏಳುವವರೆಗಿನ ಹನ್ನೆರಡು ಶಾಟ್‌ಗಳಿಗೆ ಡಿಜಿಟಲ್ ಎತ್ತು ಅಂತ ತೀರ್ಮಾನವಾಯಿತು. ಶೂಟಿಂಗ್ ಆ ಲೆಕ್ಕದಲ್ಲೇ ಮುಗಿದಿತ್ತು.

ಕುದುರೆಯ ಮೂಳೆ, ಎತ್ತಿನ ಚರ್ಮ

ಡಿಜಿಟಲ್ ಪ್ರಾಣಿಗೆ ಮೂರು ಮುಖ್ಯ ಪದರ. ಹೊರಗಿನ ಆಕಾರ ಮಾಡೆಲ್. ಒಳಗಿನ ಮೂಳೆ, ಕೀಲು, ಅವನ್ನು ಆಡಿಸುವ ಹಿಡಿಕೆಗಳು ಸೇರಿ ರಿಗ್. ಮೇಲೆ ಕೂದಲು, ಕೆಲಸದವರ ಬಾಯಲ್ಲಿ ಗ್ರೂಮ್. ಅನಿಮೇಟರ್ ಕೈಗೆ ಸಿಗುವುದು ರಿಗ್ ಮಾತ್ರ. ರಿಗ್‌ನಲ್ಲಿ ಇಲ್ಲದ ಚಲನೆಯನ್ನು ಎಂಥ ಅನಿಮೇಟರೂ ಕೊಡಲಾರ.

ಇಲ್ಲಿ ಮಾಡೆಲ್ ಚೆನ್ನಾಗಿತ್ತು. ಹಳ್ಳಿಕಾರ್ ತಳಿ. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗುವ ಚೂಪು ಕೊಂಬು, ಉದ್ದ ಮುಖ, ಹಣೆಯ ನಡುವೆ ತಗ್ಗು, ಬೂದು ಮೈ, ಭುಜದ ಹತ್ತಿರ ಬಣ್ಣ ಸ್ವಲ್ಪ ಗಾಢ. ಗೊರಸು ಎರಡು ಭಾಗವಾಗಿ ಸೀಳಿದ್ದನ್ನೂ ಮಾಡೆಲರ್ ಸರಿಯಾಗಿ ತೋರಿಸಿದ್ದ. ಕೂದಲಿಗೆ ತುಂಬಾ ಸಮಯ, ದುಡ್ಡು ಹೋಗಿತ್ತು. ನಿಂತ ಎತ್ತನ್ನು ಸುತ್ತಲೂ ತಿರುಗಿಸಿ ತೋರಿಸುವ ವಿಡಿಯೋ ನೋಡಿ ನಿರ್ಮಾಪಕರು ಅಲ್ಲೇ ಒಪ್ಪಿಕೊಂಡಿದ್ದರು.

ರಿಗ್ ಮಾತ್ರ ಎತ್ತಿನದಲ್ಲ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಕುದುರೆ ರಿಗ್ ತಂದು, ಅಳತೆ ಹಿಗ್ಗಿಸಿ ಕುಗ್ಗಿಸಿ, ಎತ್ತಿನ ಮಾಡೆಲ್ ಒಳಗೆ ಕೂರಿಸಿದ್ದರು. ಇದನ್ನು ಕಳಪೆ ಕೆಲಸ ಅನ್ನಲು ನನಗೆ ಮನಸ್ಸಿಲ್ಲ. ಕಡಿಮೆ ಬಜೆಟ್ಟಿನಲ್ಲಿ ಎಷ್ಟೋ ಕಡೆ ಹೀಗೇ ಮಾಡುತ್ತಾರೆ. ನಾಲ್ಕು ಕಾಲು, ಗೊರಸು, ಉದ್ದ ಮುಖ, ಬಾಲ ಎಲ್ಲ ಇದೆ. ನಡಿಗೆಯ ಕ್ರಮವೂ ಹೆಚ್ಚು ಕಡಿಮೆ ಒಂದೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಸುಮ್ನೆ ನಡೆಯುವ ಟೆಸ್ಟ್ ನೋಡಿದಾಗ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಪ್ರಾಣಿ ಸುಮ್ನೆ ನಡೆಯುವಾಗ ಕಡಿಮೆ ತಪ್ಪು ಕಾಣುತ್ತವೆ. ಭಾರ ಬಿದ್ದಾಗ, ಬಿದ್ದು ಏಳುವಾಗ ಎಲ್ಲ ಹೊರಗೆ ಬರುತ್ತವೆ. ನಮ್ಮ ಹನ್ನೆರಡು ಶಾಟ್‌ಗಳಲ್ಲಿ ಇದ್ದದ್ದು ಭಾರ ಮತ್ತು ಬೀಳು ಏಳು, ಇಷ್ಟೇ.

ಮೊದಲು ಮಾಡಿ ನೋಡಿದ್ದು

ನಾನು ಬಂದಾಗ ಎರಡು ಪ್ರಯತ್ನ ನಡೆಯುತ್ತಿದ್ದವು.

ಒಂದು, ಎಡಗಡೆಗೆ ಶೂಟ್ ಮಾಡಿದ ನಿಜವಾದ ಎತ್ತನ್ನೇ ಉಳಿಸಿಕೊಂಡು, ಬೀಳುವ ಬಲಗಡೆ ಎತ್ತನ್ನು ಮಾತ್ರ ಡಿಜಿಟಲ್ ಮಾಡುವುದು. ಕೆಲಸ ಅರ್ಧ ಉಳಿಯುತ್ತದೆ ಅನ್ನುವ ಲೆಕ್ಕ. ಕಾಗದದ ಮೇಲೆ ಸರಿ. ಆದರೆ ಎರಡೂ ಎತ್ತಿನ ಕುತ್ತಿಗೆ ಒಂದೇ ನೊಗಕ್ಕೆ ಕಟ್ಟಿರುತ್ತದೆ. ಬಲಗಡೆಯದು ಕುಸಿದರೆ ನೊಗ ಆ ಕಡೆಗೆ ವಾಲುತ್ತದೆ, ಎಡಗಡೆ ಎತ್ತಿನ ಕುತ್ತಿಗೆಯನ್ನು ತಿರುಚುತ್ತದೆ, ಅದು ಕಾಲು ಅಗಲಿಸಿ ನಿಲ್ಲಲೇಬೇಕು. ಪ್ಲೇಟಿನಲ್ಲಿದ್ದ, ಅಂದರೆ ಶೂಟ್ ಮಾಡಿದ ಮೂಲ ಚಿತ್ರದಲ್ಲಿದ್ದ, ನಿಜವಾದ ಎತ್ತು ಆರಾಮಾಗಿ ಕಿವಿ ಆಡಿಸುತ್ತಾ ನಿಂತಿತ್ತು. ಪಕ್ಕದಲ್ಲಿ ಜೊತೆಗಾರ ಬಿದ್ದು ಒದ್ದಾಡುತ್ತಿದ್ದರೆ ಇದಕ್ಕೆ ಏನೂ ಆಗಿಲ್ಲ! ಎರಡು ಶಾಟ್ ಜೋಡಿಸಿ ನೋಡಿದ ಮೇಲೆ ಆ ದಾರಿ ಬಿಟ್ಟೆವು. ಬೀಳುವ ಶಾಟ್‌ಗಳಲ್ಲಿ ಎರಡೂ ಡಿಜಿಟಲ್. ಕೆಲಸ ಜಾಸ್ತಿಯಾಯಿತು, ಆದರೆ ಆ ತೀರ್ಮಾನ ಬೇಗ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಇನ್ನೊಂದು, ಎತ್ತನ್ನು ದಾರಿಯ ಮೇಲೆ ನಡೆಸಿ ಅದರ ಹಿಂದೆ ಗಾಡಿಯನ್ನು ಕಟ್ಟುವುದು. ನಡಿಗೆಯ ಒಂದು ಆವರ್ತ (ನಾಲ್ಕು ಕಾಲೂ ಒಂದೊಂದು ಹೆಜ್ಜೆ) ಮಾಡಿ ಅದನ್ನೇ ಪುನರಾವರ್ತಿಸಿದ್ದರು, ಗಾಡಿ ನೊಗಕ್ಕೆ ಅಂಟಿಕೊಂಡು ಹಿಂದೆ ಬರುತ್ತಿತ್ತು. ಎತ್ತು ಎಳೆಯುತ್ತಿದೆ ಅಂತ ಅನ್ನಿಸುತ್ತಲೇ ಇರಲಿಲ್ಲ. ಬೆಂಗಳೂರಿನಿಂದ ವಿಎಫ್‌ಎಕ್ಸ್ ಮೇಲ್ವಿಚಾರಕರ ಟಿಪ್ಪಣಿಗಳು ಬರುತ್ತಿದ್ದವು: ಭಾರ ಸಾಲದು, ಇನ್ನಷ್ಟು ಭಾರ ಕೊಡಿ. ಹುಡುಗರು ನಡಿಗೆ ನಿಧಾನ ಮಾಡಿದರು. ತಲೆ ತಗ್ಗಿಸಿದರು. ಮೈ ಮೇಲೆ ಕೆಳಗೆ ಆಡುವುದನ್ನು ಹೆಚ್ಚಿಸಿದರು. ಎತ್ತು ಸುಸ್ತಾದ ಹಾಗೆ ಕಂಡಿತೇ ಹೊರತು ಎಳೆದ ಹಾಗೆ ಕಾಣಲಿಲ್ಲ.

‘ಇದು ಎತ್ತಲ್ಲ ಕಣಪ್ಪ’

ತಿರುವು ಬಂದದ್ದು ಹೊರಗಿನವರಿಂದ. ನಮ್ಮ ಒಬ್ಬ ಅನಿಮೇಟರನ ದೊಡ್ಡಪ್ಪ ಗುಬ್ಬಿ ತಾಲೂಕಿನ ಹಳ್ಳಿಯಿಂದ ಆಸ್ಪತ್ರೆಗೆ ಅಂತ ತುಮಕೂರಿಗೆ ಬಂದಿದ್ದರು. ಮಧ್ಯಾಹ್ನ ಹುಡುಗನನ್ನು ನೋಡಲು ಆಫೀಸಿಗೆ ಬಂದರು. ಹುಡುಗ ಖುಷಿಯಿಂದ ತನ್ನ ಶಾಟ್ ತೋರಿಸಿದ, ಬಿದ್ದ ಎತ್ತು ಎದ್ದೇಳುವ ಶಾಟ್. ಇನ್ನೂ ಕೂದಲಿಲ್ಲ, ಬಣ್ಣವಿಲ್ಲ, ಬರೀ ಬೂದು ಆಕಾರ.

ಅವರು ಮೂರ್ನಾಲ್ಕು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಹೇಳಿದರು: ‘ಇದು ಎತ್ತಲ್ಲ ಕಣಪ್ಪ. ಕುದುರೆ ಎದ್ದಂಗೆ ಏಳ್ತಾ ಐತೆ.’

ಆ ರಿಗ್ ಕುದುರೆಯದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

‘ಯಾಕೆ ದೊಡ್ಡಪ್ಪ, ಏನಾಗಿದೆ ಅದಕ್ಕೆ?’ ಅಂತ ಹುಡುಗ ಕೇಳಿದ.

‘ಎತ್ತು ಎಲ್ಲಾದ್ರೂ ಮುಂಗಾಲು ಊರಿ ಮೊದ್ಲು ಎದೆ ಎತ್ತತಾ? ಹಿಂದ್ಲುದು ಮೊದ್ಲು ಏಳ್ಬೇಕು. ಮುಂದೆ ಮಂಡಿ ಮೇಲೇ ಇರ್ತದೆ. ಆಮೇಲೆ ಒಂದು ಕಾಲು, ಇನ್ನೊಂದು ಕಾಲು.’

ಅವರು ಹೇಳಿದ್ದು ಅಕ್ಷರಶಃ ನಿಜ. ಕುದುರೆ ಏಳುವಾಗ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಊರಿ, ಎದೆ ಎತ್ತಿ, ಆಮೇಲೆ ಹಿಂಗಾಲಿನಿಂದ ಒದ್ದು ಏಳುತ್ತದೆ. ದನ, ಎತ್ತು, ಎಮ್ಮೆ ಇದಕ್ಕೆ ತದ್ವಿರುದ್ಧ. ಮುಂಗಾಲಿನ ಮಂಡಿಗಳ ಮೇಲೆ ಭಾರ ಹಾಕಿ, ತಲೆಯನ್ನು ಜೋರಾಗಿ ಮುಂದಕ್ಕೆ ಚಾಚಿ, ಆ ರಭಸದಲ್ಲಿ ಹಿಂಭಾಗ ಎತ್ತುತ್ತವೆ. ಹಿಂಗಾಲು ನೆಟ್ಟಗಾದ ಮೇಲೆ ಒಂದು ಮುಂಗಾಲು, ಆಮೇಲೆ ಇನ್ನೊಂದು. ಮಲಗುವಾಗಲೂ ಮೊದಲು ಮಂಡಿ ಊರುತ್ತವೆ, ಆಮೇಲೆ ಹಿಂಭಾಗ ಇಳಿಸುತ್ತವೆ. ಹಳ್ಳಿಯಲ್ಲಿ ಬೆಳೆದವರು ಇದನ್ನು ದಿನಾ ನೋಡಿರುತ್ತಾರೆ.

ಆ ಹೊತ್ತಿನಲ್ಲಿ ಇನ್ನೊಂದು ವಿಷಯ ಹೊರಬಂತು, ನನ್ನ ಪ್ರಕಾರ ಅದೇ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು. ಶಿರಾ ತಾಲೂಕಿನ ಒಬ್ಬ ಹುಡುಗಿ ತಂಡದಲ್ಲಿದ್ದಳು, ಹೊಸದಾಗಿ ಸೇರಿದವಳು, ರೋಟೊ ಮಾಡುತ್ತಿದ್ದಳು. ಅವರ ಮನೆಯಲ್ಲಿ ಈಗಲೂ ಎತ್ತು ಇವೆ. ಮೊದಲ ದಿನ ಆ ಶಾಟ್ ನೋಡಿದಾಗಲೇ ತನಗೆ ಏನೋ ಸರಿಯಿಲ್ಲ ಅನ್ನಿಸಿತ್ತು ಅಂದಳು. ‘ಮತ್ತೆ ಹೇಳಲಿಲ್ಲ ಯಾಕಮ್ಮಾ?’ ಅಂದರೆ, ‘ಬೆಂಗಳೂರಿನ ಸರ್ ಏನೂ ಅಂದಿಲ್ವಲ್ಲ, ನಂದೇ ತಪ್ಪಿರಬಹುದು ಅನ್ಕೊಂಡೆ ಸರ್’ ಅಂದಳು. ಟಿಪ್ಪಣಿ ಮೇಲಿನಿಂದ ಬರುತ್ತದೆ, ಕೆಳಗಿನವರು ತಿದ್ದುತ್ತಾರೆ, ಅಲ್ಲಿಗೆ ಮುಗಿಯಿತು ಅನ್ನುವ ರೂಢಿ ಇತ್ತು. ಉತ್ತರ ಅದೇ ಕೋಣೆಯಲ್ಲಿ ಕೂತಿದ್ದರೂ ಯಾರೂ ಕೇಳಿರಲಿಲ್ಲ. ಅವತ್ತಿನಿಂದ ದಿನದ ಕೊನೆಗೆ ಶಾಟ್ ನೋಡುವಾಗ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು ಅಂತ ಮಾಡಿದೆವು.

ಜಾತ್ರೆಯಲ್ಲಿ

ಶಿವರಾತ್ರಿ ಹತ್ತಿರವಿತ್ತು. ತುಮಕೂರಿನವರಿಗೆ ಹೇಳಬೇಕಾಗಿಲ್ಲ, ಆ ದಿನಗಳಲ್ಲಿ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಬೇರೆ ಊರಿನ ಸ್ಟುಡಿಯೋಗಳು ಇಂಥ ಅವಕಾಶಕ್ಕೆ ಎಷ್ಟು ಖರ್ಚು ಮಾಡುತ್ತವೋ! ನಮಗೆ ಬಸ್ ಹತ್ತಿದರೆ ಸಿಗುತ್ತಿತ್ತು.

ಬೆಳಕು ಹರಿಯುವ ಮುಂಚೆ ಹೋದೆವು, ಯಾಕಂದರೆ ಎತ್ತುಗಳು ತಾವಾಗಿ ಏಳುವುದು ಆಗ. ಯಾವುದನ್ನೂ ಎಬ್ಬಿಸಬೇಕಾಗಲಿಲ್ಲ. ಮಾಲೀಕರನ್ನು ಕೇಳಿ, ದೂರದಲ್ಲಿ ಟ್ರೈಪಾಡ್ ಇಟ್ಟು, ಪಕ್ಕದಿಂದ ಒಂದು, ಮುಂದಿನಿಂದ ಒಂದು ಕ್ಯಾಮೆರಾ. ಅಳತೆ ಸಿಗಲಿ ಅಂತ ಮೀಟರ್ ಕೋಲೊಂದನ್ನು ಚೌಕಟ್ಟಿನೊಳಗೆ ನಿಲ್ಲಿಸಿದ್ದೆವು. ಇಲ್ಲಿ ಒಂದು ಎಚ್ಚರಿಕೆ: ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಫ್ರೇಮ್‌ಗಳ ವೇಗ ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದರೆ ಏರುಪೇರಾಗುತ್ತದೆ. ಅದನ್ನು ಹಾಗೇ ಸಿನಿಮಾದ ಸೆಕೆಂಡಿಗೆ 24 ಫ್ರೇಮ್‌ಗೆ ಇಳಿಸಿದರೆ ಹೆಜ್ಜೆಯ ಲೆಕ್ಕ ತಪ್ಪುತ್ತದೆ. ವೇಗ ಸ್ಥಿರವಾಗಿ 60 ಇರುವಂತೆ ಕ್ಯಾಮೆರಾದಲ್ಲೇ ಹೊಂದಿಸಿ ತೆಗೆಯಬೇಕು.

ಅಲ್ಲಿ ಕಂಡದ್ದು ಇಷ್ಟು. ಬರೀ ನಡಿಗೆಯಲ್ಲಿ ಒಂದು ಆವರ್ತ, ಸಿನಿಮಾದ 24ರ ಲೆಕ್ಕದಲ್ಲಿ, 30 ಫ್ರೇಮ್ ಆಸುಪಾಸು. ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತಿನ ಹತ್ತಿರವೇ ಬಂದು ಬೀಳುತ್ತದೆ. ಭಾರ ಬಿದ್ದ ಕ್ಷಣ ಗೊರಸಿನ ಎರಡು ಸೀಳು ಸ್ವಲ್ಪ ಅಗಲವಾಗುತ್ತವೆ, ಎತ್ತಿದಾಗ ಕೂಡಿಕೊಳ್ಳುತ್ತವೆ. ಹೆಗಲಿನ ಮೂಳೆ ಚರ್ಮದಡಿ ಮೇಲೆ ಕೆಳಗೆ ಜಾರುವುದು ಸ್ಪಷ್ಟವಾಗಿ ಕಾಣುತ್ತದೆ. ದನಗಳಿಗೆ ಕೊರಳೆಲುಬು ಇಲ್ಲ, ಮುಂಗಾಲು ಮೈಗೆ ಅಂಟಿರುವುದು ಬರೀ ಸ್ನಾಯುಗಳಿಂದ, ಅದಕ್ಕೇ ಹಾಗೆ.

ಗಿಡ್ಡ ಹಗ್ಗದಲ್ಲಿ ಕಟ್ಟಿದ್ದ ಒಂದು ಎತ್ತು ಏಳಲು ಪರದಾಡಿತು. ತಲೆ ಮುಂದಕ್ಕೆ ಚಾಚಲು ಹೋಗುತ್ತದೆ, ಹಗ್ಗ ಎಳೆಯುತ್ತದೆ, ಮತ್ತೆ ಕೂರುತ್ತದೆ. ಮಾಲೀಕ ಬಂದು ಹಗ್ಗ ಸಡಿಲ ಮಾಡಿದ ಮೇಲೆ ಒಂದೇ ಬಾರಿಗೆ ಎದ್ದು ನಿಂತಿತು. ನಮ್ಮ ಜೊತೆ ಬಂದಿದ್ದ ದೊಡ್ಡಪ್ಪ ಅದನ್ನು ನೋಡಿ ಕೇಳಿದರು: ‘ನಿಮ್ಮ ಸಿನ್ಮಾದಲ್ಲಿ ಎತ್ತು ನೊಗದಲ್ಲೇ ಏಳ್ತದಲ್ಲಪ್ಪಾ, ಅದು ಹೆಂಗೆ?’

ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕಥೆಯನ್ನೇ ಮುಟ್ಟಿದ ತೀರ್ಮಾನ

ನೊಗ ಕೂರುವುದು ಡುಬ್ಬದ ಮುಂದೆ, ಕುತ್ತಿಗೆಯ ಮೇಲೆ. ನೊಗದಿಂದ ಇಳಿದು ಕುತ್ತಿಗೆಯ ಕೆಳಗೆ ಸುತ್ತುವ ಪಟ್ಟಿ ಜೊತ್ತಿಗೆ. ಭಾರ ತುಂಬಿದ ಗಾಡಿ ಹಿಂದೆ, ಜೊತೆ ಎತ್ತು ಪಕ್ಕದಲ್ಲಿ. ಬಿದ್ದ ಎತ್ತಿಗೆ ತಲೆ ಚಾಚಲು ಜಾಗವೇ ಇಲ್ಲ. ಇನ್ನೊಂದು ಇದೆ: ಎರಡು ಗಾಲಿಯ ಗಾಡಿ ದಿಬ್ಬ ಹತ್ತುವಾಗ ಭಾರ ಅಚ್ಚಿನ ಹಿಂದಕ್ಕೆ ವಾಲುತ್ತದೆ, ಮೂಕಿ (ಗಾಡಿಯಿಂದ ನೊಗದವರೆಗೆ ಚಾಚಿರುವ ಮರ) ಮೇಲಕ್ಕೆ ಏಳುತ್ತದೆ, ಜೊತ್ತಿಗೆ ಗಂಟಲನ್ನು ಒತ್ತುತ್ತದೆ. ಹಾಗಾಗಿ ಗಾಡಿ ಹೊಡೆಯುವವರು ದಿಬ್ಬದಲ್ಲಿ ಮುಂದಕ್ಕೆ ಬಂದು ಮೂಕಿಯ ಮೇಲೆ ಭಾರ ಹಾಕುತ್ತಾರೆ. ಎತ್ತು ಬಿದ್ದರೆ ಮೊದಲು ಗಾಲಿಗೆ ಕಲ್ಲು ಕೊಡುತ್ತಾರೆ, ಗಾಡಿ ಹಿಂದಕ್ಕೆ ಉರುಳಬಾರದಲ್ಲ. ಆಮೇಲೆ ಜೊತ್ತಿಗೆ ಬಿಚ್ಚುತ್ತಾರೆ. ಒಬ್ಬರು ನೊಗ ಹಿಡಿದುಕೊಳ್ಳುತ್ತಾರೆ. ಆಗ ಎತ್ತು ಏಳುತ್ತದೆ.

ಚಿತ್ರಕಥೆಯಲ್ಲಿ ಇದ್ಯಾವುದೂ ಇರಲಿಲ್ಲ. ಗಂಡ ಮಾತಿನಲ್ಲಿ ಹುರಿದುಂಬಿಸುತ್ತಾನೆ, ಎತ್ತು ನೊಗದ ಸಮೇತ ಏಳುತ್ತದೆ, ಅಷ್ಟೇ.

ಈಗ ದಾರಿಗಳು ಮೂರಿದ್ದವು. ಕತ್ತರಿಸಿ ಮುಚ್ಚಿಹಾಕುವುದು: ಎತ್ತು ಬಿದ್ದಿದೆ, ಹೆಂಡತಿಯ ಮುಖ, ಎತ್ತು ಎದ್ದಿದೆ. ಸುಲಭ, ಅಗ್ಗ. ಎರಡನೆಯದು, ಇರುವ ಚಿತ್ರಕಥೆಯಂತೆಯೇ ಮಾಡಿ, ಎಷ್ಟು ಜನಕ್ಕೆ ಗೊತ್ತಾಗುತ್ತೆ ಬಿಡಿ ಅಂತ ಸುಮ್ಮನಾಗುವುದು. ಮೂರನೆಯದು, ನಿರ್ದೇಶಕರಿಗೆ ಹೇಳುವುದು. ಸ್ಟುಡಿಯೋ ಮಾಲೀಕರಿಗೆ ಭಯವಿತ್ತು. ಶೂಟಿಂಗ್ ಮುಗಿದ ಸಿನಿಮಾದ ನಿರ್ದೇಶಕರಿಗೆ ಗ್ರಾಫಿಕ್ಸ್ ಮಾಡುವವರು ಕಥೆ ತಿದ್ದಿ ಅಂತ ಹೇಳುವುದುಂಟೇ?

ಹೇಳಿದೆವು. ಬರೀ ಮಾತಲ್ಲಿ ಅಲ್ಲ. ಜಾತ್ರೆಯ ಆ ಎತ್ತಿನ ವಿಡಿಯೋವನ್ನೂ ನಮ್ಮ ಶಾಟನ್ನೂ ಪಕ್ಕಪಕ್ಕ ಇಟ್ಟು ಕಳಿಸಿದೆವು. ನಿರ್ದೇಶಕರು ಮೊದಲು ಒಪ್ಪಲಿಲ್ಲ. ಎತ್ತು ತನ್ನ ಬಲದಿಂದಲೇ ಏಳಬೇಕು, ಅದೇ ದೃಶ್ಯದ ಜೀವ ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಊರಲ್ಲಿ ತಾಯಿಯನ್ನು ಕೇಳಿದರಂತೆ, ಅವರೂ ‘ಮೊದ್ಲು ಕೊರಳು ಬಿಚ್ಬೇಕಲ್ಲೋ’ ಅಂದರಂತೆ. ಹೆಂಡತಿ ನೊಗಕ್ಕೆ ಹೆಗಲು ಕೊಟ್ಟು ನಿಲ್ಲಲಿ, ಗಂಡ ಜೊತ್ತಿಗೆ ಬಿಚ್ಚಲಿ ಅಂತ ತೀರ್ಮಾನ ಮಾಡಿದರು. ಒಂದು ಸಣ್ಣ ಮರುಶೂಟಿಂಗ್ ಆಯಿತು: ಜೊತ್ತಿಗೆ ಬಿಚ್ಚುವ ಕೈಗಳು, ನೊಗ ಹೊತ್ತ ಹೆಂಡತಿ, ಶಾಂತವಾಗಿ ನಿಂತ ಒಂದು ನಿಜವಾದ ಎತ್ತಿನ ಕಣ್ಣು. ಇಷ್ಟಕ್ಕೂ ಮಂಡಳಿಯ ಅನುಮತಿ ಮತ್ತೆ ಕೇಳಬೇಕಾಯಿತು, ಬರುವವರೆಗೆ ಕಾಯಬೇಕಾಯಿತು. ಗಾಲಿಗೆ ಕೊಡುವ ಕಲ್ಲನ್ನು ಹಳೇ ಶಾಟ್‌ಗಳಲ್ಲಿ ನಾವೇ ಡಿಜಿಟಲ್ ಆಗಿ ಸೇರಿಸಿದೆವು.

ಮರುಶೂಟಿಂಗಿನಿಂದ ನಮಗೂ ಲಾಭವಾಯಿತು. ಎತ್ತಿನ ಕಣ್ಣಿನ ಎರಡು ಕ್ಲೋಸಪ್ ಡಿಜಿಟಲ್ ಪಟ್ಟಿಯಿಂದ ಹೊರಬಿದ್ದವು. ಹತ್ತಿರದಿಂದ ಕಣ್ಣು, ರೆಪ್ಪೆ, ಒದ್ದೆ ಮೂಗು ಮಾಡುವುದು ಎಲ್ಲಕ್ಕಿಂತ ದುಬಾರಿ. ಉಳಿದ ಸಮಯ ರಿಗ್‌ಗೆ ಸಿಕ್ಕಿತು.

ರಿಗ್ ಮತ್ತೆ ಕಟ್ಟಿದ್ದು

ಪೂರ್ತಿ ಹೊಸದಾಗಿ ಮಾಡಲು ಸಮಯವಿರಲಿಲ್ಲ. ಮಾಡೆಲ್ ಮುಟ್ಟುವ ಹಾಗೂ ಇರಲಿಲ್ಲ, ಯಾಕಂದರೆ ಕೂದಲೆಲ್ಲ ಅದರ ಮೇಲ್ಮೈಗೆ ಕಟ್ಟಿಕೊಂಡಿತ್ತು, ಮೇಲ್ಮೈಯ ಜಾಲ ಬದಲಾದರೆ ಆ ಕೆಲಸವೆಲ್ಲ ಹಾಳು. ಹಾಗಾಗಿ ಚರ್ಮ ಹಾಗೇ ಇಟ್ಟು ಒಳಗಿನ ಮೂಳೆಗಳನ್ನಷ್ಟೇ ಬದಲಿಸಿದೆವು. ಅದೂ ಮುಂಭಾಗದ್ದೇ ಹೆಚ್ಚು. ಹೆಗಲಿನ ಮೂಳೆ ಜಾರುವ ಹಿಡಿಕೆ ಹಾಕಿದೆವು. ಮಂಡಿ ನೆಲಕ್ಕೆ ಊರಿದಾಗ ಅದೇ ಪಾದದಂತೆ ನೆಲ ಹಿಡಿಯಬೇಕು, ಕುದುರೆ ರಿಗ್‌ನಲ್ಲಿ ಆ ವ್ಯವಸ್ಥೆ ಇರಲಿಲ್ಲ. ಗೊರಸಿನ ಎರಡು ಸೀಳಿಗೆ ಬೇರೆ ಬೇರೆ ಹಿಡಿಕೆ, ಪುಣ್ಯಕ್ಕೆ ಮಾಡೆಲ್‌ನಲ್ಲಿ ಸೀಳು ಇದ್ದೇ ಇತ್ತು. ಡುಬ್ಬ ನೊಗಕ್ಕೆ ಒತ್ತಿದಾಗ ಮಡಿಕೆ ಬೀಳುವುದು, ಜೊತ್ತಿಗೆ ಬಿಗಿದಾಗ ಕೊರಳ ಕೆಳಗೆ ಜೋತಾಡುವ ಗಂಗೆದೊಗಲು ಸುಕ್ಕುಗಟ್ಟುವುದು, ಇವೆರಡನ್ನೂ ಸೇರಿಸಿದೆವು. ಹಿಂಗಾಲು, ಬಾಲ, ಮುಖ ಇದ್ದ ಹಾಗೇ ಉಳಿದವು.

ಎಳೆತದ ಸಮಸ್ಯೆ ರಿಗ್‌ನಿಂದ ಬಗೆಹರಿಯಲಿಲ್ಲ, ಕೆಲಸದ ಕ್ರಮ ತಿರುಗಿಸಿದ್ದರಿಂದ ಬಗೆಹರಿಯಿತು. ಮೊದಲು ಗಾಡಿಯನ್ನು ಅನಿಮೇಟ್ ಮಾಡಿದೆವು. ಎತ್ತು ಚೌಕಟ್ಟಿನಲ್ಲೇ ಇಲ್ಲ, ಬರೀ ಗಾಡಿ. ಗಾಲಿ ಉರುಳುತ್ತದೆ, ಕಲ್ಲಿಗೆ ತಾಗಿ ನಿಲ್ಲುತ್ತದೆ, ಅಲುಗುತ್ತದೆ, ದಾಟಿ ಧಡ್ ಅಂತ ಇಳಿಯುತ್ತದೆ. ಆಮೇಲೆ ನೊಗ. ಅದು ಯಾವಾಗಲೂ ಒಂದು ಕಡೆ ಸ್ವಲ್ಪ ಮುಂದಿರುತ್ತದೆ, ಎರಡು ಎತ್ತುಗಳು ಒಂದೇ ಕ್ಷಣಕ್ಕೆ ಎಳೆಯಲು ಶುರು ಮಾಡುವುದಿಲ್ಲ. ಒಂದು ಮೊದಲು ಮುಂದಾಗುತ್ತದೆ, ನೊಗ ಓರೆಯಾಗುತ್ತದೆ, ಇನ್ನೊಂದು ಹಿಂಬಾಲಿಸುತ್ತದೆ. ಕೊನೆಗೆ ಎತ್ತುಗಳನ್ನು ನೊಗಕ್ಕೆ ಕಟ್ಟಿದೆವು. ಗಾಲಿ ಕಲ್ಲು ದಾಟುವ ಆರೆಂಟು ಫ್ರೇಮ್ ಮುಂಚೆಯೇ ಎತ್ತಿನ ಹಿಂಗಾಲು ನೆಟ್ಟಗಾಗುತ್ತದೆ, ಬೆನ್ನು ಬಿಗಿಯುತ್ತದೆ, ತಲೆ ಕೆಳಗಿಳಿದು ಕುತ್ತಿಗೆ ನೊಗವನ್ನು ಒತ್ತುತ್ತದೆ. ಆ ಹೊತ್ತಿನಲ್ಲಿ ಏನೂ ಮುಂದೆ ಹೋಗುವುದಿಲ್ಲ. ಮೈಯೆಲ್ಲ ದುಡಿಯುತ್ತಿದೆ, ಗಾಡಿ ನಿಂತೇ ಇದೆ. ಭಾರ ಕಾಣುವುದು ಆ ಆರೆಂಟು ಫ್ರೇಮ್‌ಗಳಲ್ಲಿ. ಹಿಂದೆ ನಡಿಗೆ ಎಷ್ಟೇ ನಿಧಾನ ಮಾಡಿದರೂ ಬಾರದ್ದು ಇಲ್ಲಿ ಬಂತು.

ಒಂದೇ ತೊಡಕು: ಎತ್ತು ನೊಗವನ್ನು ಎಳೆಯಬೇಕು, ನೊಗ ಎತ್ತಿನ ಕುತ್ತಿಗೆಯನ್ನು ಹಿಡಿಯಬೇಕು. ಇಬ್ಬರೂ ಒಬ್ಬರನ್ನೊಬ್ಬರು ನಡೆಸಲು ಹೋದರೆ ಸಾಫ್ಟ್‌ವೇರ್ ಸುತ್ತು ಹಾಕಿ ನಿಲ್ಲುತ್ತದೆ. ನೊಗವನ್ನೇ ಯಜಮಾನ ಮಾಡಿ, ಎತ್ತಿನ ಕುತ್ತಿಗೆಗೆ ಮೇಲಿನಿಂದ ಸಣ್ಣ ಬದಲಾವಣೆ ಕೊಡುವ ಹಿಡಿಕೆ ಇಟ್ಟುಕೊಂಡೆವು. ಜೊತ್ತಿಗೆ ಬಿಚ್ಚಿದ ಫ್ರೇಮ್‌ನಿಂದ ಆ ಕಟ್ಟು ಕಳಚುತ್ತದೆ.

ಆಗಿದ್ದೇನು

ಹನ್ನೆರಡು ಶಾಟ್ ಇದ್ದದ್ದು ಹತ್ತಾಯಿತು. ಗಡುವು ತಪ್ಪಿತು. ಸ್ಟುಡಿಯೋಗೆ ಲಾಭ ಅಂತ ಹೆಚ್ಚೇನೂ ಉಳಿಯಲಿಲ್ಲ, ರಿಗ್ ಎರಡನೇ ಸಲ ಕಟ್ಟಿದ ಖರ್ಚು ಪೂರ್ತಿ ಅವರ ಮೇಲೇ ಬಿತ್ತು. ಎತ್ತು ಜಾರುವ ದೂರದ ಶಾಟ್ ಒಂದರಲ್ಲಿ ಎಡಗಡೆ ಎತ್ತಿನ ಗೊರಸು ನೆಲದ ಮೇಲೆ ಸ್ವಲ್ಪ ತೇಲುತ್ತದೆ, ಕೆಸರು ಚಿಮ್ಮಿಸಿ ಮುಚ್ಚಿದ್ದೇವೆ. ಅದನ್ನು ಸರಿಪಡಿಸಲು ಇನ್ನೊಂದು ವಾರ ಬೇಕಿತ್ತು, ಸಿಗಲಿಲ್ಲ.

ಏಳುವ ಶಾಟ್ ಮಾತ್ರ ಯಾವ ಊರಿನ ರೈತನ ಮುಂದೆಯೂ ಇಡಬಹುದು. ದೊಡ್ಡಪ್ಪನವರಿಗೆ ಕೂದಲು, ಬಣ್ಣ, ಮಳೆ ಎಲ್ಲ ಸೇರಿದ ಮೇಲೆ ತೋರಿಸಿದೆವು. ಏಳುವುದರ ಬಗ್ಗೆ ಅವರು ಏನೂ ಹೇಳಲಿಲ್ಲ. ಬೆನ್ನಿನ ಮೇಲೆ ಒಂದು ಕಡೆ ಬೆರಳು ತೋರಿಸಿ, ‘ಈ ಸುಳಿ ಇರೋ ಎತ್ತನ್ನ ನಮ್ಮ ಕಡೆ ಯಾರೂ ಕೊಳ್ಳಲ್ಲ’ ಅಂದರು. ಕೂದಲಿನ ದಿಕ್ಕು ಎರಡು ಕಡೆಯಿಂದ ಬಂದು ಕೂಡುವ ಜಾಗದಲ್ಲಿ ತಾನಾಗಿ ಒಂದು ಸುಳಿ ಆಗಿತ್ತು. ಗ್ರೂಮ್ ಮಾಡಿದವರು ಆ ಜಾಗವನ್ನು ಬಾಚಿ ಸರಿ ಮಾಡಿದರು. ಬಡ ಕುಟುಂಬ ಜತನದಿಂದ ಸಾಕಿದ ಜೋಡಿ ಅದು, ಕೊಳ್ಳುವಾಗ ಸುಳಿ ನೋಡದೆ ತಂದಿರುತ್ತಾರಾ? ಇಂಥದ್ದು ನಮ್ಮ ಟಿಪ್ಪಣಿಗಳ ಪಟ್ಟಿಯಲ್ಲಿ ಯಾವತ್ತೂ ಬರುತ್ತಿರಲಿಲ್ಲ.

ದೊಡ್ಡಪ್ಪನವರಿಗೆ ದಿನದ ಲೆಕ್ಕದಲ್ಲಿ ಸಲಹೆಗಾರರ ಸಂಭಾವನೆ ಕೊಟ್ಟೆವು, ಸಿನಿಮಾದ ಕೊನೆಯ ಹೆಸರುಗಳ ಪಟ್ಟಿಯಲ್ಲಿ ಅನಿಮೇಷನ್ ವಿಭಾಗದ ಕೆಳಗೆ ಅವರ ಹೆಸರು ಸೇರಿಸಿದೆವು. ಕೃತಜ್ಞತೆಗಳ ಸಾಲಿನಲ್ಲಿ ಹಾಕೋಣ ಅಂತ ನಿರ್ಮಾಣದ ಕಡೆಯವರು ಹೇಳಿದ್ದರು. ಅವರು ಮಾಡಿದ್ದು ಅನಿಮೇಷನ್ ಕೆಲಸವೇ, ಹೆಸರು ಅಲ್ಲೇ ಇರಬೇಕು ಅಂತ ನಾವು ಪಟ್ಟು ಹಿಡಿದೆವು. ಶಿರಾದ ಆ ಹುಡುಗಿ ಈಗ ಅನಿಮೇಷನ್ ಕಲಿಯುತ್ತಿದ್ದಾಳೆ. ಕೊನೆಯ ಎರಡು ಶಾಟ್‌ಗಳಲ್ಲಿ ಎಡಗಡೆ ಎತ್ತಿನ ಕಿವಿ, ಬಾಲ ಅವಳದೇ ಕೆಲಸ.

ಈಗ ಅದೇ ಸ್ಟುಡಿಯೋಗೆ ಒಂದು ಕರಡಿಯ ಕೆಲಸ ಬಂದಿದೆ. ಕರಡಿ ನಮ್ಮ ಹಾಗೆ ಪೂರ್ತಿ ಅಂಗಾಲು ಊರಿ ನಡೆಯುತ್ತದೆ, ಬೆರಳ ತುದಿಯ ಗೊರಸಿನ ಮೇಲೆ ನಡೆಯುವ ಎತ್ತಿನ ರಿಗ್ ಅದಕ್ಕೆ ಬಾರದು. ಖರ್ಚಿನ ಅಂದಾಜು ಪಟ್ಟಿಯಲ್ಲಿ ಈ ಸಲ ಮೊದಲ ಸಾಲು ರಿಗ್‌ನದಲ್ಲ, ಗ್ರೂಮ್‌ನದೂ ಅಲ್ಲ. ಕರಡಿಗಳನ್ನು ವರ್ಷಗಟ್ಟಲೆ ನೋಡಿದ ಕಾಡಂಚಿನ ಜನರನ್ನು ಕೂರಿಸಿಕೊಂಡು ಪ್ರತಿ ಶಾಟಿನಲ್ಲೂ ಪ್ರಾಣಿ ಏನು ಮಾಡಬೇಕು, ಹೇಗೆ ಮಾಡುತ್ತದೆ ಅಂತ ಬರೆದುಕೊಳ್ಳುವ ಖರ್ಚು ಅದು. ನಿರ್ಮಾಪಕರು ಆ ಸಾಲಿನ ಬಗ್ಗೆ ಕೇಳಿದರು. ಸ್ಟುಡಿಯೋದವರು ಎತ್ತಿನ ಎರಡು ವಿಡಿಯೋ, ಮೊದಲು ಮಾಡಿದ್ದು ಮತ್ತು ಆಮೇಲೆ ಮಾಡಿದ್ದು, ಪಕ್ಕಪಕ್ಕ ಇಟ್ಟು ಕಳಿಸಿದರು. ಸಾಲು ಹಾಗೇ ಉಳಿಯಿತು.